ನಾಯಿ ಕಟ್ತೀರೋ, ಬಿಡ್ತೀರೋ?

ಕೆರೆಯಂಚಿನಲ್ಲಿ ಸಾಕುನಾಯಿಯ ಜೊತೆ ಒಂದು ರಾತ್ರಿ: ಕೊಡಿಗೇನಹಳ್ಳಿ ಸೀಮೆಗೆ ಹೊರಡುವವರಿಗೊಂದು ಕೈಪಿಡಿ

ಕಳೆದ ಕಾರ್ತಿಕದಲ್ಲಿ ಕೊಡಿಗೇನಹಳ್ಳಿ ಹತ್ತಿರದ ಹಳ್ಳಿಯೊಂದರ ಹಿರಿಯರಿಗೆ ಫೋನ್ ಮಾಡಿ, ‘ಕೆರೆ ಅಂಗಳದ ಮಗ್ಗುಲಿಗೆ ನಿಮ್ಮ ಹೊಲ ಇದೆಯಲ್ಲ, ಶನಿವಾರ ರಾತ್ರಿ ಅಲ್ಲೊಂದು ಟೆಂಟ್ ಹಾಕಿಕೊಳ್ಳಬಹುದಾ?’ ಎಂದು ಕೇಳಿದೆ. ಎಷ್ಟು ಜನ ಬರುತ್ತೀರಿ ಎಂದು ಅವರು ಕೇಳಲಿಲ್ಲ. ಕುಡಿಯುವವರೋ ಅಲ್ಲವೋ ಎಂದೂ ಕೇಳಲಿಲ್ಲ. ಜೊತೆಗೆ ಎರಡು ನಾಯಿ ಇವೆ ಎಂದಾಗ ಮಾತ್ರ ಕ್ಷಣ ಸುಮ್ಮನಾಗಿ, ‘ನಾಯಿ ಕಟ್ತೀರೋ, ಬಿಡ್ತೀರೋ?’ ಎಂದರು. ಕಟ್ಟುತ್ತೇವೆ ಎಂದೆ. ‘ಹಂಗಾದ್ರೆ ಬನ್ನಿ’ ಎಂದು ಫೋನ್ ಇಟ್ಟರು.

ನಾಯಿ ಕರೆದುಕೊಂಡು ನೀರಿನ ದಡದಲ್ಲಿ ಬೀಡುಬಿಡಬೇಕು ಎನ್ನುವವರು ಮೊದಲು ಉತ್ತರ ಕೊಡಬೇಕಾದದ್ದು ಈ ಪ್ರಶ್ನೆಗೇ. ಟೆಂಟ್ ಯಾವ ಕಂಪನಿಯದು, ಮ್ಯಾಟ್ ಎಷ್ಟು ದಪ್ಪ ಎಂಬುದೆಲ್ಲ ಆಮೇಲಿನ ಮಾತು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕೆರೆಯಂಗಳ ಹೊರಗಿನವರ ಕಣ್ಣಿಗೆ ಬಟ್ಟಬಯಲು. ಒಳಗಿನವರಿಗೆ ಗೊತ್ತು, ಅದು ಹಗಲಿಗೆ ದನ ಕುರಿಯದು, ರಾತ್ರಿಗೆ ಹಂದಿ ಮುಳ್ಳುಹಂದಿಯದು, ಬೆಳಗಿನ ಜಾವಕ್ಕೆ ಕೊಕ್ಕರೆ ಬೆಳ್ಳಕ್ಕಿಯದು.

ಈ ಸೀಮೆಗೆ ನಾಯಿ ಕಟ್ಟಿಕೊಂಡು ಬಯಲಲ್ಲಿ ಮಲಗುವುದು ಹೊಸದೂ ಅಲ್ಲ. ಕುರುಬರು, ಕಾಡುಗೊಲ್ಲರು ತಲೆಮಾರುಗಳಿಂದ ಅದನ್ನೇ ಮಾಡಿದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಕಾಳೋ ಕಾಸೋ. ಒಂದು ಕಂಬಳಿ, ಒಂದು ಕೋಲು, ಮಂದೆಯ ಅಂಚಿಗೆ ಎರಡು ನಾಯಿ. ನಾವು ಸಾವಿರಾರು ರೂಪಾಯಿ ಸಾಮಾನು ಹೊತ್ತು ಹೋಗಿ ಕಲಿಯುವುದನ್ನು ಅವರು ಬರಿಗೈಯಲ್ಲಿ ಮಾಡುತ್ತಾರೆ. ಈ ಬರಹದಲ್ಲಿರುವ ಅರ್ಧ ಮಾತು ಅವರಿಂದ ಕೇಳಿದ್ದು.

ಎಲ್ಲಿಗೆ ಹೋಗಬಹುದು

ಬೆಂಗಳೂರಿನಿಂದ ಕೊಡಿಗೇನಹಳ್ಳಿಗೆ ಸುಮಾರು 100 ಕಿ.ಮೀ. ದೊಡ್ಡಬಳ್ಳಾಪುರ, ಗೌರಿಬಿದನೂರಿನ ಕಡೆಯಿಂದಲೂ ಬರಬಹುದು, ಮಧುಗಿರಿಗೆ ಬಂದು ಹಿಂದೂಪುರದ ರಸ್ತೆ ಹಿಡಿಯಲೂಬಹುದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು, ಈ ಸೀಮೆಯನ್ನು ಸವರಿಕೊಂಡು ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿ ಎಂದು ಹೆಸರು, ಬಹುಪಾಲು ವರ್ಷಗಳಲ್ಲಿ ಮರಳು. ಹಾಗೆಂದು ನದಿಯ ಮರಳಿನ ಮೇಲೆ ಟೆಂಟ್ ಹಾಕಬೇಡಿ. 2022ರ ಮಳೆಗಾಲದಲ್ಲಿ ಇದೇ ಜಯಮಂಗಲಿ ಎರಡೂ ದಡ ತುಂಬಿ ಹರಿದದ್ದನ್ನು ಊರವರು ಇನ್ನೂ ಮರೆತಿಲ್ಲ. ಮೇಲೆಲ್ಲೋ ಮಳೆಯಾಗಿ ತೀತಾ ಜಲಾಶಯ ಕೋಡಿ ಬಿದ್ದರೆ, ಇಲ್ಲಿ ಆಕಾಶ ತಿಳಿಯಾಗಿದ್ದರೂ ನೀರು ಬರುತ್ತದೆ. ಜೊತೆಗೆ ಮರಳು ತೆಗೆದ ಗುಂಡಿಗಳು. ಮೇಲೆ ಮೊಣಕಾಲುದ್ದ ಕಂಡ ನೀರು ಒಳಗೆ ಆಳುದ್ದ ಇರಬಹುದು.

ಕೊರಟಗೆರೆ ಕಡೆಯವರಿಗೆ ನೀರಿನ ದಡ ಎಂದರೆ ಗೊರವನಹಳ್ಳಿ ಹತ್ತಿರದ ಈ ತೀತಾ. ಮಹಾಲಕ್ಷ್ಮಿ ದೇವಸ್ಥಾನಕ್ಕೆ ಬಂದವರೆಲ್ಲ ಒಮ್ಮೆ ಇಣುಕಿ ಹೋಗುವ ಜಾಗ. ಹಗಲು ಹೊತ್ತು ನಾಯಿಗೆ ಹಗ್ಗ ಹಾಕಿ ನಡೆಸಲು ಚೆನ್ನ. ರಾತ್ರಿ ತಂಗಲು ಮಾತ್ರ ಜನ ತುಳಿಯದ ಸಣ್ಣ ಕೆರೆಯ ಅಂಚಿನ ಖಾಸಗಿ ಹೊಲ, ತೆಂಗಿನ ತೋಟ ಅಥವಾ ಹುಣಸೆ ತೋಪು ಎಷ್ಟೋ ಮೇಲು. ಕೇಳಲು ಒಬ್ಬ ಯಜಮಾನ ಇರುತ್ತಾನೆ, ಹತ್ತಿರದಲ್ಲಿ ಪಂಪ್‌ಸೆಟ್ಟಿನ ಶುದ್ಧ ನೀರು ಇರುತ್ತದೆ, ಏನಾದರೂ ಆದರೆ ಕೂಗಿದರೆ ಓಗೊಡುವವರು ಇರುತ್ತಾರೆ.

ಎಲ್ಲಿಗೆ ಬೇಡವೇ ಬೇಡ

ಮೊದಲ ಹೆಸರು ಮೈದನಹಳ್ಳಿ. ಕೊಡಿಗೇನಹಳ್ಳಿಗೆ ಬಂದವರೆಲ್ಲ ಅಲ್ಲಿನ ಕೃಷ್ಣಮೃಗಗಳನ್ನು ನೋಡಲು ಆಸೆಪಡುತ್ತಾರೆ, ಪಡಬೇಕಾದದ್ದೇ. ಸುಮಾರು 798 ಎಕರೆಯ ಹುಲ್ಲುಗಾವಲು, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾಯಿತು. ಆದರೆ ನಾಯಿಯ ಜೊತೆ ಅಲ್ಲಿಗೆ ಹೋಗಬೇಡಿ. ಕಾರಿನೊಳಗೆ ಕೂರಿಸಿಕೊಂಡೂ ಬೇಡ. ಅಲ್ಲಿನ ಜಿಂಕೆಗಳಿಗೆ ಬೀದಿನಾಯಿಗಳ ಕಾಟವೇ ಸಾಕಾಗಿದೆ. ಬಯಲಲ್ಲಿ ಜಿಂಕೆ ಕಂಡರೆ ಓಡಿಸಬೇಕೆನಿಸುವುದು ನಾಯಿಯ ಹುಟ್ಟುಗುಣ. ಮುಧೋಳದಂಥ ಬೇಟೆ ತಳಿಯಾದರಂತೂ ಕಣ್ಣಿಗೆ ಬಿದ್ದದ್ದೇ ತಡ, ಕಿವಿ ಮುಚ್ಚಿಹೋಗುತ್ತದೆ. ನಾಯಿಯ ಹಲ್ಲು ತಾಗದಿದ್ದರೂ ಓಡಿ ಓಡಿ ಬಸವಳಿದ ಜಿಂಕೆ ಸಾಯಬಹುದು, ಗಬ್ಬದ ಹೆಣ್ಣು ಕಂದು ಹಾಕಬಹುದು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಕಾಯ್ದೆಯ ಲೆಕ್ಕದಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಅಟ್ಟಿಸುವುದೂ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ. ಜಿಂಕೆಗಳು ಬೇಲಿ ನೋಡಿ ಮೇಯುವುದಿಲ್ಲ, ಸುತ್ತಲ ರಾಗಿ, ಕಡಲೆಕಾಯಿ ಹೊಲಗಳಿಗೂ ಇಳಿಯುತ್ತವೆ. ಹಾಗಾಗಿ ಆ ಬಯಲಿನ ಆಸುಪಾಸಿನ ಹೊಲಗಳಲ್ಲೂ ಬೀಡು ಬೇಡ. ಮೈದನಹಳ್ಳಿ ನೋಡಲೇಬೇಕೆಂದರೆ ಗುಂಪಿನಲ್ಲಿ ಒಬ್ಬರು ನಾಯಿಗಳ ಜೊತೆ ಟೆಂಟಿನಲ್ಲಿ ಉಳಿಯಲಿ.

ಎರಡನೆಯದು ಶಿರಾ ತಾಲ್ಲೂಕಿನ ಕಗ್ಗಲಡು. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುವ ಊರು. ಜನ ಆ ಹಕ್ಕಿಗಳನ್ನು ಮನೆಗೆ ಬಂದ ನೆಂಟರ ಹಾಗೆ ಕಾಯುತ್ತಾರೆ. ಗೂಡಿನಿಂದ ಬಿದ್ದ ಮರಿ ನೆಲದಲ್ಲಿರುವ ಕಾಲದಲ್ಲಿ ಹೊರಗಿನ ನಾಯಿಗೆ ಅಲ್ಲೇನೂ ಕೆಲಸವಿಲ್ಲ.

ಮೂರನೆಯದು ಬೆಟ್ಟದ ಬುಡಗಳು. ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡದ ಗುಡ್ಡಗಳು ಕರಡಿ ಚಿರತೆಗಳ ಮನೆ. ಕರಡಿ ಎದುರಾದರೆ ನಾಯಿ ಬೊಗಳಿ ಕೆಣಕುತ್ತದೆ, ಅದು ತಿರುಗಿ ಬಿದ್ದಾಗ ನಾಯಿ ನೇರವಾಗಿ ನಿಮ್ಮ ಕಾಲಡಿಗೇ ಓಡಿಬರುತ್ತದೆ, ಕರಡಿಯನ್ನೂ ಬೆನ್ನಿಗೆ ಕಟ್ಟಿಕೊಂಡು.

ನಾಲ್ಕನೆಯದು ಕುಡಿಯುವ ನೀರಿನ ಕೆರೆಗಳು. ಹೇಮಾವತಿ ನೀರು ತುಂಬಿಸಿಕೊಂಡು ಪಟ್ಟಣಕ್ಕೆ ನೀರು ಕೊಡುವ ಮಧುಗಿರಿಯ ಸಿದ್ದಾಪುರ ಕೆರೆ, ಶಿರಾದ ದೊಡ್ಡಕೆರೆಯಂಥ ಕಡೆ ನಾಯಿ ಈಜಿಸಲು ಹೋದರೆ ಯಾರು ಬೈದರೂ ಅದು ನ್ಯಾಯವೇ.

ಯಾರನ್ನು ಕೇಳಬೇಕು

ಹಳೆಯ ಶಾಸನಗಳಲ್ಲಿ ‘ಕಟ್ಟುಕೊಡಗಿ’ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿಟ್ಟವರಿಗೆ ಬಿಟ್ಟುಕೊಟ್ಟ ಜಮೀನು ಅದು. ಕೆರೆಗೆ ಹೊಣೆಗಾರರು ಎಂಬುವರು ಆ ಕಾಲದಿಂದಲೂ ಇದ್ದಾರೆ ಎಂದಾಯಿತು. ಇವತ್ತು ಕೆರೆ ಗ್ರಾಮ ಪಂಚಾಯ್ತಿಗೋ ಸಣ್ಣ ನೀರಾವರಿ ಇಲಾಖೆಗೋ ಸೇರಿರುತ್ತದೆ, ಮೀನು ಹಿಡಿಯುವ ಹಕ್ಕು ಇನ್ಯಾರಿಗೋ ಗುತ್ತಿಗೆ ಆಗಿರುತ್ತದೆ, ತೂಬು ಎತ್ತುವ ನೀರುಗಂಟಿಗೆ ಕೆರೆಯ ಮೈಯೆಲ್ಲ ಗೊತ್ತಿರುತ್ತದೆ. ಕೇಳುವ ಕ್ರಮ ಹೀಗಿರಲಿ: ಮೊದಲು ಹೊಲದ ಯಜಮಾನರು, ಆಮೇಲೆ ನೀರುಗಂಟಿ ಅಥವಾ ಪಂಚಾಯ್ತಿ ಸದಸ್ಯರು. ಹತ್ತಿರದಲ್ಲಿ ಅರಣ್ಯ ಇಲಾಖೆಯ ಜಾಗವಿದ್ದರೆ ಮಧುಗಿರಿ ಅಥವಾ ಕೊರಟಗೆರೆಯ ವಲಯ ಅರಣ್ಯ ಕಚೇರಿ. ಕಾರಿನ ನಂಬರು, ಎಷ್ಟು ಜನ, ಎಷ್ಟು ನಾಯಿ ಎಂದು ಹೇಳಿಟ್ಟರೆ ರಾತ್ರಿ ಟಾರ್ಚ್ ಬೆಳಕು ಕಂಡವರು ಕಳ್ಳರೆಂದು ಕೂಗೆಬ್ಬಿಸುವುದಿಲ್ಲ.

ಈ ಭಾಗದ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಿಮಗೆ ಕನ್ನಡವೊಂದೇ ಬಂದರೂ ಸಾಕು, ನಿಧಾನ ಇದ್ದರೆ ಇನ್ನೂ ಒಳ್ಳೆಯದು.

ಯಾವಾಗ

ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ಪಕ್ಷದವರೆಗೆ. ಈ ಬಯಲುಸೀಮೆಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದು ಮುಗಿದ ಮೇಲೆ ಕೆರೆಯಲ್ಲಿ ನೀರಿರುತ್ತದೆ, ನೆಲ ಆರಿರುತ್ತದೆ, ರಾತ್ರಿ ಚಳಿ ಹಿತವಾಗಿರುತ್ತದೆ. ಮಾರ್ಚ್ ದಾಟಿದರೆ ಬಂಡೆಗಳು ಕಾದ ಹೆಂಚು. ಅಂಗೈ ಹಿಂಬದಿಯನ್ನು ನೆಲಕ್ಕಿಟ್ಟು ಐದೆಣಿಸಿ. ಸುಡುತ್ತದೆ ಎನಿಸಿದರೆ ಅದು ನಾಯಿಯ ಪಾದಕ್ಕೂ ಸುಡುತ್ತದೆ. ಬೇಸಿಗೆ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಬರಿನೆಲದಲ್ಲಿ, ಕಲ್ಲಿನಂತೆಯೇ ಕಾಣುವ ನಾಲ್ಕು ಮೊಟ್ಟೆ ಇಟ್ಟು ಟಿಟ್ಟಿಭ ಕಾವು ಕೂರುವ ಕಾಲ ಅದು. ತಲೆ ಮೇಲೆ ಹಾರಿ ಹಾರಿ ಕಿರುಚುತ್ತಿದೆ ಎಂದರೆ ನೀವು ಅದರ ಮನೆಯೊಳಗೆ ನಿಂತಿದ್ದೀರಿ ಎಂದು ಅರ್ಥ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ.

ನವೆಂಬರ್, ಡಿಸೆಂಬರ್ ರಾಗಿ ಕೊಯ್ಲು. ಕಣದಲ್ಲಿ ತೆನೆ, ಪಕ್ಕದಲ್ಲಿ ಹುಲ್ಲಿನ ಮೆದೆ. ಒಂದು ಕಿಡಿಗೆ ಒಂದು ಮನೆಯ ದನಗಳ ವರ್ಷದ ಮೇವು ಹೋಗುತ್ತದೆ. ನಾಯಿ ಕಣದೊಳಗೆ ಕಾಲಿಡುವಂತಿಲ್ಲ.

ತಿಂಗಳು ಮೊದಲೇ ಶುರು

ಪ್ರವಾಸ ಶನಿವಾರ ಶುರುವಾಗುವುದಿಲ್ಲ, ನಾಲ್ಕು ವಾರ ಮೊದಲು ಪಶುವೈದ್ಯರ ಮುಂದೆ ಶುರುವಾಗುತ್ತದೆ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆಯದು ಬಾಕಿ ಇದೆಯೇ ನೋಡಿ. ನೀರಿನ ದಡಕ್ಕೆ ಹೋಗುವ ನಾಯಿಗೆ ಅಷ್ಟೇ ಮುಖ್ಯವಾದದ್ದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರದ ಲಸಿಕೆ. ಇಲಿ, ದನಗಳ ಮೂತ್ರ ಸೇರಿದ ನಿಂತ ನೀರಿನಿಂದ ಬರುವ ಕಾಯಿಲೆ, ಯಕೃತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ, ನಾಯಿಯಿಂದ ಮನುಷ್ಯರಿಗೂ ಅಂಟುತ್ತದೆ. ಮೊದಲ ಸಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ತಿಂಗಳು ಮೊದಲೇ ಎಂದದ್ದು ಅದಕ್ಕೇ.

ಉಣ್ಣೆ ತಡೆಯುವ ಔಷಧಿಯೂ ಆಗಲೇ ಆಗಬೇಕು. ಕುರಿ ಮೇಯುವ ನೆಲದಲ್ಲಿ ಉಣ್ಣೆ ಇಲ್ಲದ ಜಾಗ ಇಲ್ಲ. ಒಂದು ತಿಂಗಳ ಮಟ್ಟಿಗೋ ಮೂರು ತಿಂಗಳ ಮಟ್ಟಿಗೋ ಕೆಲಸ ಮಾಡುವ, ನಾಯಿ ಅಗಿದು ತಿನ್ನುವ ಮಾತ್ರೆಗಳು ಈಗ ಸಿಗುತ್ತವೆ. ನಾಯಿಯ ತೂಕ ನೋಡಿ ವೈದ್ಯರೇ ಹೇಳಲಿ.

ಹೊರಡುವ ಮೊದಲು ಎರಡು ಪರೀಕ್ಷೆ. ಒಂದು, ಮನೆಯ ತಾರಸಿಯ ಮೇಲೆ ಟೆಂಟ್ ಹಾಕಿ ನಾಯಿಯ ಜೊತೆ ಒಂದು ರಾತ್ರಿ ಮಲಗಿ. ಬಟ್ಟೆ ಪಟಪಟಿಸಿದರೆ ಬೆದರುತ್ತದೋ, ಜಿಪ್ ಹರಿಯುತ್ತದೋ ಅಲ್ಲೇ ಗೊತ್ತಾಗಲಿ. ಎರಡು, ‘ಬಾ’ ಎಂದರೆ ಬರುತ್ತದೆಯೇ? ಮನೆಯೊಳಗಲ್ಲ, ಮೈದಾನದಲ್ಲಿ, ಇನ್ನೊಂದು ನಾಯಿ ಎದುರಿಗಿದ್ದಾಗ. ಹತ್ತರಲ್ಲಿ ಹತ್ತು ಸಲವೂ ಬಂದರೂ ಹಗ್ಗ ಬೇಕು. ಬಾರದಿದ್ದರೆ ಈ ಋತು ಮನೆಯಲ್ಲೇ ಕಲಿಯಲಿ.

ಎಲ್ಲ ನಾಯಿಯೂ ಹೋಗಬೇಕೆಂದಿಲ್ಲ. ಲಸಿಕೆ ಮುಗಿಯದ ಮರಿ, ಬೆದೆಗೆ ಬಂದ ಹೆಣ್ಣು (ಇಡೀ ಊರಿನ ಗಂಡುನಾಯಿಗಳು ಟೆಂಟ್ ಸುತ್ತ ಸಭೆ ಸೇರುತ್ತವೆ), ಪಟಾಕಿಗೆ ಮಂಚದಡಿ ಸೇರುವ ಅಂಜುಬುರುಕ, ಕೀಲುನೋವಿನ ಮುದಿನಾಯಿ, ಇವುಗಳಿಗೆ ಮನೆಯೇ ಸುಖ. ಪಗ್‌ನಂಥ ಚಪ್ಪಟೆ ಮೂತಿಯವು ಚಳಿಗಾಲದ ಮಧ್ಯಾಹ್ನಕ್ಕೂ ಏದುಸಿರು ಬಿಡುತ್ತವೆ.

ಚೀಲದೊಳಗೆ

- 2 ಮೀಟರಿನ ಗಟ್ಟಿ ಹಗ್ಗ ಒಂದು, 8ರಿಂದ 10 ಮೀಟರಿನ ಉದ್ದ ಹಗ್ಗ ಒಂದು. ಉದ್ದ ಹಗ್ಗವನ್ನು ಕೊರಳ ಬೆಲ್ಟಿಗೆ ಕಟ್ಟಬೇಡಿ, ಓಡಿ ಜಗ್ಗಿದರೆ ಕತ್ತಿಗೆ ಪೆಟ್ಟು. ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ.
- ಕಬ್ಬಿಣದ ಗೂಟ, ಸುತ್ತಿಗೆ. ಬಿಡಿಯಾಗಿ ಒಂದು ಬೆಲ್ಟ್. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರು.
- ನೀರು. ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50–60 ಮಿ.ಲೀ. ಬೇಕು, ಓಡಾಟದ ದಿನ ಅದರ ಎರಡರಷ್ಟು. 20 ಕಿಲೋ ನಾಯಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಎಂದಿಟ್ಟುಕೊಳ್ಳಿ.
- ಮನೆಯಲ್ಲಿ ತಿನ್ನುವ ಆಹಾರವೇ, ಒಂದು ಹೊತ್ತಿನದು ಹೆಚ್ಚಿಗೆ. ಪ್ರವಾಸದಲ್ಲಿ ಹೊಸರುಚಿ ತೋರಿಸಿದರೆ ರಾತ್ರಿಯೆಲ್ಲ ಟೆಂಟಿನ ಜಿಪ್ ಎಳೆಯುವ ಕೆಲಸ ನಿಮ್ಮದು.
- ಚಿಮುಟ, ಉಣ್ಣೆ ಕೀಳುವ ಕೊಕ್ಕೆ, ಸಣ್ಣ ಕತ್ತರಿ, ಗಾಯ ತೊಳೆಯಲು ಸಲೈನ್ ಅಥವಾ ಪೊವಿಡೋನ್ ಅಯೋಡಿನ್, ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ಗುದದ್ವಾರದಲ್ಲಿ ಇಟ್ಟು ನೋಡುವ ಥರ್ಮಾಮೀಟರ್.
- ಎರಡು ಹಳೆಯ ಟವೆಲ್, ಒಂದು ಗೋಣಿಚೀಲ, ಹಳೆ ಕಂಬಳಿ. ಇಬ್ಬನಿಯ ನೆಲದ ತಂಪು ಮ್ಯಾಟ್ ದಾಟಿ ಬರುತ್ತದೆ.
- ಕೊರಳಿಗೆ ಕಟ್ಟುವ ಸಣ್ಣ ದೀಪ, ತಲೆಗೆ ಕಟ್ಟುವ ಟಾರ್ಚ್.
- ನಾಯಿಯ ಕಕ್ಕ ತುಂಬುವ ಕವರು, ಹತ್ತಾದರೂ. ಲಸಿಕೆ ಪುಸ್ತಕದ ಫೋಟೊ ಮೊಬೈಲಿನಲ್ಲಿ.

ಜ್ವರ, ಮೈಕೈ ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ಕೊಡಬೇಡಿ, ಅವು ಅದಕ್ಕೆ ವಿಷ. ನಾವು ಹಚ್ಚಿಕೊಳ್ಳುವ ಸೊಳ್ಳೆ ಮುಲಾಮನ್ನೂ ಹಚ್ಚಬೇಡಿ, ಅದು ನೆಕ್ಕಿಕೊಳ್ಳುತ್ತದೆ.

ಶನಿವಾರ: ಇಳಿದ ಮೇಲೆ ಮೊದಲ ಗಂಟೆ

ಸೂರ್ಯ ಮುಳುಗುವುದಕ್ಕೆ ಮೂರು ತಾಸು ಮೊದಲೇ ತಲುಪಿ. ಒಬ್ಬರು ನಾಯಿ ಹಿಡಿದಿರಲಿ, ಇನ್ನೊಬ್ಬರು ಜಾಗ ಸುತ್ತಿ ನೋಡಲಿ. ಕೆರೆ ಏರಿಯ ಮೇಲೆ ಬೇಡ, ಅದು ದಾರಿ. ಕೋಡಿಯ ಕೆಳಗೆ ಬೇಡ. ತೆಂಗಿನಮರದ ಕೆಳಗೆ ಬೇಡ, ಕಾಯಿ ಗರಿ ಬೀಳುವುದಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಆಲ, ಅರಳಿಯ ಕೆಳಗೆ ನಿಂತರೆ ಒಮ್ಮೆ ಕತ್ತೆತ್ತಿ, ಹೆಜ್ಜೇನು ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಆ ಮರದ ಸುತ್ತ ಹೊಗೆಯೂ ಬೇಡ, ಗಲಾಟೆಯೂ ಬೇಡ. ನೀರಿನಿಂದ ಕನಿಷ್ಠ 50 ಹೆಜ್ಜೆ ದೂರ, ಗಟ್ಟಿ ನೆಲ, ಕಲ್ಲುಗುಡ್ಡೆ ಹುತ್ತಗಳಿಂದ ಆಚೆ. ಬಳ್ಳಾರಿ ಜಾಲಿ ಬೆಳೆದ ಕೆರೆಯಂಗಳದಲ್ಲಿ ಒಣಮುಳ್ಳು ಮಣ್ಣಲ್ಲಿ ಹೂತಿರುತ್ತದೆ, ಚಪ್ಪಲಿಯನ್ನೇ ತೂರಿ ಬರುತ್ತದೆ. ಅದರ ಜೊತೆಗೆ ನೆಗ್ಗಿಲ ಮುಳ್ಳು.

ಹೊಲದ ಬದುಗಳ ಬಗ್ಗೆ ಯಜಮಾನರನ್ನೇ ಕೇಳಿ. ಹಂದಿ ಕಾಟಕ್ಕೆ ಐಬೆಕ್ಸ್ ವಿದ್ಯುತ್ ತಂತಿ ಎಳೆದಿರುತ್ತಾರೆ, ಸಂಜೆ ಆರಕ್ಕೆ ಚಾಲೂ ಮಾಡುತ್ತಾರೆ. ಕೆಲವು ಕಡೆ ಉರುಳು, ಸಿಡಿಮದ್ದಿನ ಉಂಡೆಯ ಭಯವೂ ಉಂಟು. ಹಿಟ್ಟಿನ ವಾಸನೆಗೆ ಬಾಯಿ ಹಾಕಿದ ನಾಯಿಯ ದವಡೆ ಉಳಿಯುವುದಿಲ್ಲ. ಇದೊಂದೇ ಸಾಕು, ಹಗ್ಗ ಬಿಚ್ಚದಿರಲು.

ಮರದಿಂದ ಮರಕ್ಕೆ ಎದೆಮಟ್ಟದಲ್ಲಿ ಒಂದು ಹಗ್ಗ ಬಿಗಿಯಾಗಿ ಕಟ್ಟಿ, ಅದರ ಮೇಲೆ ಜಾರುವ ಹಾಗೆ ನಾಯಿಯ ಹಗ್ಗವನ್ನು ಬಳೆ ಹಾಕಿ ಸಿಕ್ಕಿಸಿ. ನಾಯಿ ಆ ಉದ್ದಕ್ಕೂ ಓಡಾಡುತ್ತದೆ, ಗೂಟಕ್ಕೆ ಸುತ್ತಿಕೊಳ್ಳುವುದಿಲ್ಲ. ಒಲೆ ಮಾತ್ರ ಆ ಹಗ್ಗದ ಅಳತೆಯಾಚೆ ಇರಲಿ.

ನನ್ನ ಎರಡು ನಾಯಿಗಳಲ್ಲಿ ಕರಿಯ ನಾಟಿ, ಬ್ರೂನೋ ಲ್ಯಾಬ್ರಡಾರ್. ಅವತ್ತು ಟೆಂಟಿನ ಕೋಲು ಜೋಡಿಸುವಾಗ ಒಂದು ಗಳಿಗೆ ಬ್ರೂನೋನ ಹಗ್ಗದ ಮೇಲೆ ಕಾಲಿಟ್ಟುಕೊಂಡು, ಕೈ ಬಿಟ್ಟೆ. ಅಷ್ಟೇ. ಇನ್ನೂರು ಗಜದಾಚೆ ತರುಬಿದ್ದ ಮಂದೆಯ ಕಡೆ, ಕಿವಿ ಹಾರಿಸಿಕೊಂಡು, ಬಾಯಿ ತುಂಬ ನಗುತ್ತ ಓಡಿದ. ಕುರಿಗಳೆಲ್ಲ ಒಂದೇ ಮೈಯಾಗಿ ಒಂದು ಮೂಲೆಗೆ ನುಗ್ಗಿದವು, ಬಲೆಯ ಗೂಟ ಕಿತ್ತಿತು. ಮಂದೆಯ ನಾಯಿ ಬೊಗಳಲೂ ಇಲ್ಲ. ಎದ್ದು ಬಂದು ಅಡ್ಡ ನಿಂತಿತು. ಬ್ರೂನೋ ನಿಂತಲ್ಲೇ ಕೂತುಬಿಟ್ಟ. ನಾನು ಏದುಸಿರು ಬಿಡುತ್ತ ಹೋಗಿ, ‘ಏನೂ ಮಾಡಲ್ಲ ಅಜ್ಜಾ, ಆಟಕ್ಕೆ ಬಂದ’ ಎಂದೆ. ಕುರಿಯಜ್ಜ ಗೂಟ ಸರಿಮಾಡುತ್ತಲೇ, ‘ಆಟಕ್ಕ್ ಬಂತು ಅಂತ ನಿಂಗೊತ್ತು. ಕುರಿಗೇನಪ್ಪ ಗೊತ್ತು?’ ಎಂದ.

ಆ ಮಂದೆಯಲ್ಲಿ ಎರಡು ದಿನದ ಮರಿಗಳಿದ್ದವು. ಒಂದು ತುಳಿತಕ್ಕೆ ಸಿಕ್ಕಿದ್ದರೂ ನಷ್ಟ ಕೊಡಬೇಕಾದದ್ದು ನಾನು, ಕೊಟ್ಟರೂ ಮುಗಿಯದ ಮಾತು ಅದು. ‘ನಮ್ಮ ನಾಯಿ ಪಾಪ’ ಎಂಬುದು ನಮಗೆ ಮಾತ್ರ ಗೊತ್ತಿರುವ ಸತ್ಯ. ಕುರಿಗೆ, ಜಿಂಕೆಗೆ, ಟಿಟ್ಟಿಭಕ್ಕೆ, ದಾರಿಯಲ್ಲಿ ಬರುವ ಮಗುವಿಗೆ ಅದನ್ನು ತಿಳಿಸುವ ದಾರಿ ಒಂದೇ, ಕೈಯಲ್ಲಿರುವ ಹಗ್ಗ.

ನೀರಿಗಿಳಿಯುವಾಗ

ಎಲ್ಲ ನಾಯಿಗೂ ಈಜು ಹುಟ್ಟಿನಿಂದ ಬರುತ್ತದೆ ಎಂಬುದು ನಂಬಿಕೆ ಮಾತ್ರ. ಡ್ಯಾಷ್‌ಹುಂಡ್, ಪಗ್, ಬುಲ್‌ಡಾಗ್ ಮುಳುಗುತ್ತವೆ. ಈಜುವ ನಾಯಿಗೂ ಕೆರೆ ಹೊಸದು: ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ, ಮೀನಿನ ಬಲೆ ಕಾಣದ ಹಾಗೆ ಹರಡಿರುತ್ತದೆ, ದಡದಲ್ಲಿ ಬಿಟ್ಟ ಗಾಳದ ಕೊಕ್ಕೆ ಪಾದಕ್ಕೋ ನಾಲಿಗೆಗೋ ಚುಚ್ಚುತ್ತದೆ. ದನ ಇಳಿಯುವ ಜಾಗ ನೋಡಿ, ಅಲ್ಲಿ ನೆಲ ಗಟ್ಟಿ ಇರುತ್ತದೆ, ಇಳಿಜಾರು ನಿಧಾನ. ದನ ಬಂದು ಹೋದ ಮೇಲೆ ನಿಮ್ಮ ಸರದಿ. ಉದ್ದ ಹಗ್ಗ ಹಾರ್ನೆಸ್‌ಗೆ ಇರಲಿ, ತುದಿ ನಿಮ್ಮ ಕೈಯಲ್ಲಿ. ಹತ್ತು ನಿಮಿಷ ಈಜು, ಹತ್ತು ನಿಮಿಷ ಬಿಸಿಲು.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪೊರೆ ಕಟ್ಟಿದ್ದರೆ ನಾಯಿ ಇಳಿಯುವುದೂ ಬೇಡ, ನೆಕ್ಕುವುದೂ ಬೇಡ. ಅಂಥ ಪಾಚಿಯಲ್ಲಿ ಕೆಲವು ಜಾತಿಯವು ಯಕೃತ್ತಿಗೆ, ನರಕ್ಕೆ ವಿಷವಾಗುತ್ತವೆ. ಇಳಿಯುವ ಮೊದಲೇ ಹೊಟ್ಟೆ ತುಂಬ ಶುದ್ಧ ನೀರು ಕುಡಿಸಿಬಿಡಿ, ಕೆರೆ ನೀರಿನ ಆಸೆ ಕಡಿಮೆಯಾಗುತ್ತದೆ.

ಕೆರೆಗಿಂತ ಭಯ ಹುಟ್ಟಿಸುವುದು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಚೌಕ ಹೊಂಡಗಳು ಈಗ ಹೊಲ ಹೊಲದಲ್ಲೂ ಇವೆ. ನೋಡಲು ನೀಲಿ ಈಜುಕೊಳ. ಬಿದ್ದರೆ ಹಾಳೆ ಜಾರಿ ಜಾರಿ ನಾಯಿಯೂ ಹತ್ತಲಾರದು, ರಕ್ಷಿಸಲು ಇಳಿದವರೂ ಹತ್ತಲಾರರು. ಬಿದ್ದದ್ದು ಕಂಡರೆ ನೀವು ಇಳಿಯಬೇಡಿ. ಹಗ್ಗ, ಏಣಿ, ಗೋಣಿತಾಟು ಇಳಿಬಿಡಿ, ಜನ ಕೂಗಿ.

ಊಟ, ಬೆಂಕಿ, ರಾತ್ರಿ

ಮುದ್ದೆ, ಬಸ್ಸಾರು, ಕೋಳಿ ಸಾರು, ಹೊಲದ ಬದುವಿನ ಊಟಕ್ಕೆ ಸಾಟಿ ಇಲ್ಲ. ನಾಯಿಗೆ ಮುದ್ದೆ ಕೊಡಬಹುದು, ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ಬೆಂದ ಕೋಳಿಮೂಳೆ ಸೂಜಿಯಂತೆ ಸೀಳುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಪೆಟ್ಟಿಗೆಯೊಳಗೇ ಇರಲಿ. ಊಟ ಮುಗಿದ ಕೂಡಲೇ ಮೂಳೆ, ಎಂಜಲೆಲೆ ಎಲ್ಲ ಮುಚ್ಚಳದ ಡಬ್ಬಿಗೆ ಹಾಕಿ ಕಾರಿನೊಳಗಿಡಿ. ಎಂಜಲಿನ ವಾಸನೆಗೆ ಊರನಾಯಿ ಬರುತ್ತದೆ, ಊರನಾಯಿಯ ಹಿಂದೆ ಚಿರತೆ ಬರುತ್ತದೆ.

ಚಿರತೆಯ ಮಾತು ಹೆದರಿಸಲು ಹೇಳಿದ್ದಲ್ಲ. ಮಹಾರಾಷ್ಟ್ರದ ಅಕೋಲೆ ಸೀಮೆಯ ಕಬ್ಬಿನ ಹೊಲಗಳಲ್ಲಿ ಬದುಕುವ ಚಿರತೆಗಳ ಕುರಿತ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಗಳೇ ಇದ್ದವು. ನಮ್ಮ ಜಿಲ್ಲೆಯ ಚಿರತೆಗೂ ನಾಯಿ ಎಂದರೆ ಸುಲಭದ ತುತ್ತು. ಆದ್ದರಿಂದ ಕತ್ತಲಾದ ಮೇಲೆ ನಾಯಿ ಹೊರಗೆ ಕಟ್ಟಿ ಮಲಗುವಂತಿಲ್ಲ. ಕಾವಲಿಗೆಂದು ಹೊರಗೆ ಕಟ್ಟಿದ ನಾಯಿ ಓಡಲೂ ಆಗದ ನಾಯಿ. ಟೆಂಟಿನೊಳಗೆ, ನಿಮ್ಮ ಕಾಲಬದಿಗೆ, ಗಿಡ್ಡ ಹಗ್ಗದಲ್ಲಿ ಮಲಗಲಿ. ಮಧ್ಯರಾತ್ರಿ ಮೂತ್ರಕ್ಕೆ ಕರೆದೊಯ್ಯುವಾಗ ಇಬ್ಬರು ಹೋಗಿ, ಟಾರ್ಚ್ ಸುತ್ತ ಬೀಸಿ, ಮಾತಾಡುತ್ತ ನಡೆಯಿರಿ. ಚಿರತೆ, ಕರಡಿ ಕಂಡರೆ ಅರಣ್ಯ ಸಹಾಯವಾಣಿ 1926.

ಬೆಂಕಿ ಬೇಕೆಂದರೆ ಮಣ್ಣು ತೋಡಿ, ಸುತ್ತ ಮೂರಡಿ ಹುಲ್ಲು ಕೆರೆದು, ಪಕ್ಕದಲ್ಲಿ ಒಂದು ಬಿಂದಿಗೆ ನೀರಿಟ್ಟುಕೊಂಡು ಹಾಕಿ. ಗಾಳಿ ಇದ್ದರೆ ಹಾಕಲೇಬೇಡಿ. ಮಲಗುವ ಮೊದಲು ಬೂದಿಗೆ ನೀರು ಸುರಿದು ಕೈಯಲ್ಲಿ ಮುಟ್ಟಿ ನೋಡಿ.

ಒಳಗೆ ಮಲಗಿದ ನಾಯಿಯ ಕಿವಿ ನೋಡುವುದೇ ಒಂದು ಆಟ. ಅವತ್ತು ಕರಿಯ ಕಣ್ಣುಮುಚ್ಚಿ ಮಲಗಿದ್ದ, ಕಿವಿ ಮಾತ್ರ ಒಂದೊಂದೇ ತಿರುಗುತ್ತಿತ್ತು. ಎಡಗಿವಿ ಕೆರೆಯ ಕಡೆ ತಿರುಗಿದರೆ ನೀರಲ್ಲೊಂದು ಪುಳಕ್. ಬಲಗಿವಿ ಮಂದೆಯ ಕಡೆ ತಿರುಗಿದರೆ ಕುರಿಯಜ್ಜನ ಕೆಮ್ಮು. ಎರಡೂ ಒಟ್ಟಿಗೆ ನಿಮಿರಿದಾಗ ನಾನೂ ಎದ್ದು ಕೂತೆ. ಸ್ವಲ್ಪ ಹೊತ್ತಿಗೆ ಬದುವಿನಾಚೆ ಮುಳ್ಳುಹಂದಿಯ ಗರಗರ ಕೇಳಿಸಿತು. ನನಗಿಂತ ಅರ್ಧ ನಿಮಿಷ ಮೊದಲೇ ಅವನಿಗೆ ಊರೆಲ್ಲ ಗೊತ್ತು.

ಏನಾದರೂ ಆದರೆ

*ಬಿಸಿಲ ಹೊಡೆತ:* ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ನಿಲ್ಲದೆ, ಒಸಡು ಕೆಂಪೇರಿ, ಜೊಲ್ಲು ಅಂಟಂಟಾಗಿ, ತೂರಾಡಿದರೆ ತಡಮಾಡಬೇಡಿ. ಅದರ ಸಹಜ ಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 40.5 ದಾಟಿದರೆ ಜೀವಕ್ಕೆ ಅಪಾಯ. ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿಯಿರಿ, ಬೀಸಿ, ಸುರಿಯುತ್ತಲೇ ಆಸ್ಪತ್ರೆಗೆ ಹೊರಡಿ.

*ಹಾವು:* ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ಸೀಮೆಯವೇ. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ನಾಟಿ ಔಷಧಿ ಎಂದು ಅಲೆಯುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ದಾಸ್ತಾನು ಇದೆಯೇ ಎಂದು ದಾರಿಯಿಂದಲೇ ಫೋನ್ ಮಾಡಿ.

*ಊರನಾಯಿಗಳ ಜಗಳ:* ನಡುವೆ ಕೈ ಹಾಕಬೇಡಿ, ನೀರು ಎರಚಿ, ಕಂಬಳಿ ಎಸೆಯಿರಿ. ನಿಮಗೇ ಕಡಿತವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿ.

*ಊಬು:* ಒಣಹುಲ್ಲಿನ ಊಬು ಬೆರಳ ಸಂದಿ, ಕಿವಿಯೊಳಗೆ ಹೊಕ್ಕು ಮುಂದಕ್ಕೇ ಸರಿಯುತ್ತದೆ. ಒಂದೇ ಸಮ ತಲೆ ಒದರುತ್ತಿದ್ದರೆ, ಪಾದ ನೆಕ್ಕುತ್ತಿದ್ದರೆ ಹುಡುಕಿ. ಕಿವಿಯೊಳಗಿನದಾದರೆ ವೈದ್ಯರೇ ತೆಗೆಯಲಿ.

ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆ ಎಲ್ಲಿದೆ, ಭಾನುವಾರ ಯಾರಿರುತ್ತಾರೆ ಎಂದು ಶುಕ್ರವಾರವೇ ಕೇಳಿಟ್ಟುಕೊಳ್ಳಿ. ನಮಗೆ 108, 112 ಇದ್ದೇ ಇವೆ.

ಭಾನುವಾರ: ಗಂಟು ಕಟ್ಟುವಾಗ

ಬೆಳಿಗ್ಗೆ ಎದ್ದು ಕೆರೆಯಂಚಿನ ಹಸಿಮಣ್ಣು ನೋಡಿ. ರಾತ್ರಿ ಯಾರ್ಯಾರು ನೀರಿಗೆ ಬಂದಿದ್ದರು ಎಂಬುದರ ಹಾಜರಿಪುಸ್ತಕ ಅದು: ಕುರಿಗೊರಸು, ಹಂದಿಗೊರಸು, ನಕ್ಷತ್ರದಂಥ ಹಕ್ಕಿಹೆಜ್ಜೆ. ಉಗುರಿನ ಗುರುತು ಇರುವುದು ನಾಯಿಯದೋ ನರಿಯದೋ. ಉಗುರೇ ಕಾಣದ ದುಂಡು ಪಾದವಾದರೆ ಬೆಕ್ಕಿನ ಜಾತಿ, ಅಂಗೈ ಅಗಲ ಇದ್ದರೆ ಯಜಮಾನರಿಗೆ ತಿಳಿಸಿ.

ನಾಯಿಯ ಕಕ್ಕ ಹೊಲಕ್ಕೆ ಗೊಬ್ಬರವಲ್ಲವೇ ಎನ್ನುವವರಿದ್ದಾರೆ. ಕುರಿ ಹಿಕ್ಕೆ ಗೊಬ್ಬರ, ನಾಯಿಯದು ರೋಗ. ಅದರಲ್ಲಿರುವ ಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಕುರಿ, ದನಗಳ ಹೊಟ್ಟೆಗೆ ಹೋಗುತ್ತದೆ. ಕವರಿನಲ್ಲಿ ಕಟ್ಟಿ ವಾಪಸು ಒಯ್ಯಿರಿ. ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳು ಔಷಧಿ ಹಾಕಿಸುವುದು ಇನ್ನೂ ಮೇಲು. ಗೂಟದ ಗುಂಡಿ ಮುಚ್ಚಿ, ಬೂದಿ ಹರಡಿ, ಬಾಟಲಿ ಮುಚ್ಚಳದವರೆಗೂ ಹೆಕ್ಕಿ.

ಮನೆಗೆ ಬಂದು ಮೊದಲು ನಾಯಿಯ ಮೈ ತಡವಿ. ಕಿವಿಯ ಮಡಿಕೆ, ಬೆಲ್ಟಿನ ಅಡಿ, ಕಂಕುಳು, ಬೆರಳ ಸಂದಿ, ಬಾಲದ ಬುಡ. ಉಣ್ಣೆ ಸಿಕ್ಕರೆ ಚರ್ಮಕ್ಕೆ ತಾಗಿಸಿ ಚಿಮುಟದಲ್ಲಿ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಊಟ ಬಿಡುವುದು, ಒಸಡು ಬಿಳಚುವುದು, ಮೂತ್ರ ಕಂದಾಗುವುದು ಕಂಡರೆ ರಕ್ತಪರೀಕ್ಷೆ ಮಾಡಿಸಿ, ಉಣ್ಣೆಜ್ವರವೂ ಇರಬಹುದು, ಇಲಿಜ್ವರವೂ ಇರಬಹುದು. ಕೆರೆಗೆ ಹೋಗಿದ್ದೆವು ಎಂದು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ.

ಈ ವರ್ಷ ಮತ್ತೆ ಆ ಹಿರಿಯರಿಗೆ ಫೋನ್ ಮಾಡಿದೆ. ಮಂದೆಯ ಕಥೆ ಅವರ ಕಿವಿಗೆ ಬೀಳದೆ ಇರುತ್ತದೆಯೇ, ಬಿದ್ದಿತ್ತು. ಬೈಯುತ್ತಾರೇನೋ ಎಂದು ನಾನೇ ತಡವರಿಸುತ್ತಿದ್ದೆ. ‘ಬನ್ನಿ ಬನ್ನಿ’ ಎಂದರು, ‘ಆ ದಪ್ಪನ್ ನಾಯಿಗೆ ಒಂದ್ ಗೂಟ ಬಡ್ದಿಟ್ಟಿರ್ತೀನಿ.’